8,181 ರನ್ ಗಳಿಸಿದ ಮೇಲೂ ಬೇಡವಾದ ಬ್ಯಾಟ್ಸ್‌ಮನ್: ಒಂದು ಪ್ರಕರಣ ಅಧ್ಯಯನ

2014ರ ಫೆಬ್ರುವರಿ 4ರಂದು ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಒಂದು ಪ್ರಕಟಣೆ ಹೊರಡಿಸಿತು. ಮುಂದಿನ ವೆಸ್ಟ್ ಇಂಡೀಸ್ ಪ್ರವಾಸಕ್ಕಾಗಲಿ, ಟಿ20 ವಿಶ್ವಕಪ್‌ಗಾಗಲಿ ತನ್ನ ಪ್ರಮುಖ ಬ್ಯಾಟ್ಸ್‌ಮನ್ ಆಯ್ಕೆಯಾಗುವುದಿಲ್ಲ ಎಂಬುದು ಅದರ ಸಾರ. ಗಾಯದ ಮಾತು ಅಲ್ಲಿರಲಿಲ್ಲ, ಲಯ ಕಳೆದುಕೊಂಡ ಮಾತೂ ಇರಲಿಲ್ಲ. ಆಗ ಅವರ ವಯಸ್ಸು 33. ಆಡಿದ್ದು 104 ಟೆಸ್ಟ್, ಗಳಿಸಿದ್ದು 8,181 ರನ್, 23 ಶತಕ, ಸರಾಸರಿ 47.28. ಮೂರೂ ಮಾದರಿಗಳನ್ನು ಕೂಡಿಸಿದರೆ ಇಂಗ್ಲೆಂಡಿನ ಪರ ಆ ದಿನದವರೆಗೆ ಅವರಿಗಿಂತ ಹೆಚ್ಚು ರನ್ ಮಾಡಿದವರು ಯಾರೂ ಇರಲಿಲ್ಲ. ಒಂದು ತಿಂಗಳ ಹಿಂದೆಯಷ್ಟೇ ಮುಗಿದಿದ್ದ ಸರಣಿಯಲ್ಲೂ ಇಂಗ್ಲೆಂಡ್ ತಂಡದಲ್ಲಿ ಹೆಚ್ಚು ರನ್ ಗಳಿಸಿದವರು ಅವರೇ.

ಈ ಬರಹದಲ್ಲಿ ಅವರ ಹೆಸರಿಲ್ಲ. ಅವರೊಡನೆ ಜಗಳವಾಡಿದ ನಾಯಕರು, ಕೋಚ್‌ಗಳು, ಅಧಿಕಾರಿಗಳ ಹೆಸರೂ ಇಲ್ಲ. ಕ್ರಿಕೆಟ್ ಬಲ್ಲವರಿಗೆ ಯಾರ ಮಾತೆಂದು ಎರಡನೆಯ ಸಾಲಿಗೇ ತಿಳಿದಿರುತ್ತದೆ. ಆದರೂ ಹೆಸರು ಬಿಟ್ಟಿರುವುದಕ್ಕೆ ಕಾರಣವಿದೆ. ಈ ವ್ಯಕ್ತಿಯ ಹೆಸರು ಬಂದ ಕೂಡಲೇ ಚರ್ಚೆ ಎರಡು ಬಣವಾಗಿ ಒಡೆಯುತ್ತದೆ: ಒಬ್ಬರಿಗೆ ಅವರು ಅಹಂಕಾರಿ, ಇನ್ನೊಬ್ಬರಿಗೆ ಅಸೂಯೆಗೆ ಬಲಿಯಾದ ಪ್ರತಿಭೆ. ಆ ಗದ್ದಲದಲ್ಲಿ ನಿರ್ಧಾರಗಳು ಮರೆಯಾಗುತ್ತವೆ. ಯಾವ ದಿನ ಯಾರು ಏನು ತೀರ್ಮಾನಿಸಿದರು, ಬೇರೆ ಯಾವ ದಾರಿ ಅವರ ಮುಂದಿತ್ತು ಎಂಬುದಷ್ಟೇ ನನಗೆ ಮುಖ್ಯ. ತಂಡ ಕಟ್ಟುವವರು, ಶಾಲೆಯಲ್ಲಿ ಕ್ರೀಡೆ ಕಲಿಸುವವರು, ಕಚೇರಿಯಲ್ಲಿ ಹತ್ತು ಜನರನ್ನು ನಿಭಾಯಿಸುವವರು, ಎಲ್ಲರಿಗೂ ಒಂದಲ್ಲ ಒಂದು ದಿನ ಇಂಥ ಒಬ್ಬರು ಎದುರಾಗುತ್ತಾರೆ.

ಹೊರಗಿನಿಂದ ಬಂದವರು

ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಪೀಟರ್‌ಮ್ಯಾರಿಟ್ಸ್‌ಬರ್ಗ್‌ನಲ್ಲಿ, 1980ರಲ್ಲಿ. ತಂದೆ ಆಫ್ರಿಕಾನರ್ (ಡಚ್ ಮೂಲದ ಬಿಳಿಯ ಸಮುದಾಯದವರು), ತಾಯಿ ಇಂಗ್ಲೆಂಡಿನವರು. ಹುಟ್ಟೂರಿನ ಪ್ರಾಂತ್ಯದ ತಂಡದಲ್ಲಿ ಅವರನ್ನು ನೋಡಿದ್ದು ಆಫ್ ಸ್ಪಿನ್ನರ್ ಆಗಿ. ಬ್ಯಾಟಿಂಗ್ ಕ್ರಮಾಂಕ ತುಂಬ ಕೆಳಗಿತ್ತು. ಬಿಳಿಯರಲ್ಲದ ಆಟಗಾರರಿಗೆ ಸ್ಥಾನ ಕಾದಿರಿಸುವ ಮೀಸಲು ನೀತಿಯಿಂದಾಗಿ ತನಗೆ ಅವಕಾಶ ತಪ್ಪಿತು ಎಂದು ದೂರಿ ಅವರು ಇಂಗ್ಲೆಂಡಿಗೆ ಹೋದರು. ಆ ದೂರನ್ನು ನಾನು ಒಪ್ಪುವುದಿಲ್ಲ. ದಶಕಗಳ ಕಾಲ ಬಹುಸಂಖ್ಯಾತರನ್ನು ಮೈದಾನದಿಂದಲೇ ಹೊರಗಿಟ್ಟಿದ್ದ ದೇಶ ಆ ಅನ್ಯಾಯವನ್ನು ಸರಿಪಡಿಸಲು ಹೊರಟ ಕಾಲವದು. ಆದರೆ ಮುಂದಿನ ಕಥೆಗೆ ಒಂದು ಅಂಶ ಬೇಕು: ಇಪ್ಪತ್ತರ ಹರೆಯದಲ್ಲಿ ಅವರು ಒಂದು ವ್ಯವಸ್ಥೆಯನ್ನು ತೊರೆದು ಬಂದಿದ್ದರು. ಅಲ್ಲಿಂದ ಬರುವಾಗ ಕಲಿತು ಬಂದದ್ದು, ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳಬೇಕು ಎಂಬುದನ್ನು.

2001ರಲ್ಲಿ ಇಂಗ್ಲೆಂಡಿನ ದೇಶೀಯ ಕ್ರಿಕೆಟ್‌ನ ಕೌಂಟಿ ತಂಡಗಳಲ್ಲೊಂದಾದ ನಾಟಿಂಗ್‌ಹ್ಯಾಮ್‌ಷೈರ್ ಸೇರಿದರು. ಇಂಗ್ಲೆಂಡ್ ಪರ ಆಡಲು ಆಗಿನ ನಿಯಮದಂತೆ ನಾಲ್ಕು ವರ್ಷ ಕಾಯಬೇಕಿತ್ತು. ಆ ಕೌಂಟಿಯಲ್ಲಿ ರನ್ನುಗಳ ರಾಶಿ ಹಾಕಿದರು. ಜೊತೆಗೆ 2003ರಲ್ಲಿ ತಂಡ ಬಿಡುವ ಮಾತೆತ್ತಿ ನಾಯಕನ ಸಿಟ್ಟಿಗೂ ಗುರಿಯಾದರು. ತಂಡದ ಟ್ರೆಂಟ್‌ಬ್ರಿಜ್ ಮೈದಾನದ ಬಾಲ್ಕನಿಯಿಂದ ನಾಯಕ ಅವರ ಕಿಟ್ ಅನ್ನು ಕೆಳಗೆ ಎಸೆದ ಘಟನೆ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ಅಂದರೆ, ಮುಂದೆ ಹತ್ತು ವರ್ಷ ಮಂಡಳಿಯನ್ನು ಕಾಡಿದ ಬಿಕ್ಕಟ್ಟಿನ ಮಾದರಿ ಅವರನ್ನು ಆಯ್ಕೆ ಮಾಡುವ ಮೊದಲೇ ಎಲ್ಲರ ಕಣ್ಣಮುಂದಿತ್ತು. ಆಯ್ಕೆದಾರರು ತಿಳಿಯದೆ ಆರಿಸಲಿಲ್ಲ, ತಿಳಿದೇ ಆರಿಸಿದರು. ಸರಿಯಾಗಿಯೇ ಆರಿಸಿದರು.

ಅದಕ್ಕೆ ಸಾಕ್ಷಿ ಬೇಗನೆ ಸಿಕ್ಕಿತು. 2005ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲೇ ಏಕದಿನ ಸರಣಿ. ಹುಟ್ಟಿದ ದೇಶದ ಪ್ರೇಕ್ಷಕರು ಹೋದಲ್ಲೆಲ್ಲ ಕೂಗಿ ಹೀಯಾಳಿಸಿದರು. ಅವರು ಮೂರು ಶತಕ ಹೊಡೆದರು. ಅದೇ ವರ್ಷದ ಸೆಪ್ಟೆಂಬರ್ 12ರಂದು, ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ್ಯಷಸ್ ಟೆಸ್ಟ್ ಸರಣಿಯ ಕೊನೆಯ ದಿನ, ಡ್ರಾ ಮಾಡಿಕೊಂಡರೆ ಸಾಕು ಎಂಬ ಸ್ಥಿತಿಯಲ್ಲಿ ಇಂಗ್ಲೆಂಡ್ ವಿಕೆಟ್ ಕಳೆದುಕೊಳ್ಳುತ್ತಿತ್ತು. ಬೇರೆ ಯಾರಾದರೂ ಅಲ್ಲಿ ಕ್ರೀಸಿಗೆ ಅಂಟಿಕೊಂಡು ಕಾಲ ತಳ್ಳುತ್ತಿದ್ದರು. ಅವರು ಏಳು ಸಿಕ್ಸರ್ ಸಹಿತ 158 ಹೊಡೆದರು. 1986–87ರ ನಂತರ ಮೊದಲ ಬಾರಿ ಆ್ಯಷಸ್ ಇಂಗ್ಲೆಂಡಿಗೆ ಬಂತು. ಅದು ಅವರ ಐದನೆಯ ಟೆಸ್ಟ್.

ಆ ಇನಿಂಗ್ಸ್ ಅನ್ನು ನಾನು ಇಲ್ಲಿ ಎತ್ತಿ ಹೇಳುವುದಕ್ಕೆ ಕಾರಣ, ಅದು ಅವರ ಸ್ವಭಾವವನ್ನೂ ಮಂಡಳಿಯ ಇಕ್ಕಟ್ಟನ್ನೂ ಒಟ್ಟಿಗೆ ತೋರಿಸುತ್ತದೆ. ತಂಡಕ್ಕೆ ಅತ್ಯಂತ ಬೇಕಾಗಿದ್ದ ದಿನ ಅವರು ತಂಡದ ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ ಆಡಿ ತಂಡವನ್ನು ಉಳಿಸಿದರು. ಸ್ವಂತ ಲೆಕ್ಕಾಚಾರವನ್ನು ನಂಬುವ ಗುಣವೇ ಶತಕವನ್ನೂ ತಂದಿತು, ಜಗಳವನ್ನೂ ತಂದಿತು. ಅದರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತುಹಾಕುತ್ತೇವೆ ಎಂದು ಹೊರಟವರೆಲ್ಲ ಸೋತರು.

ಮೊದಲ ತಿರುವು: ಜನವರಿ 2009

2008ರ ಆಗಸ್ಟ್‌ನಲ್ಲಿ ಹಿಂದಿನ ನಾಯಕ ರಾಜೀನಾಮೆ ಕೊಟ್ಟಾಗ ಟೆಸ್ಟ್ ಮತ್ತು ಏಕದಿನ ಎರಡಕ್ಕೂ ಅವರನ್ನೇ ನಾಯಕರನ್ನಾಗಿ ಮಾಡಲಾಯಿತು. ಮೊದಲ ಟೆಸ್ಟ್‌ನಲ್ಲೇ ಶತಕ, ಗೆಲುವು. ಆದರೆ ಆಗಿನ ಕೋಚ್ ಜೊತೆ ಅವರಿಗೆ ಮೊದಲಿನಿಂದಲೂ ಹೊಂದಾಣಿಕೆ ಇರಲಿಲ್ಲ. ಇದು ಗುಟ್ಟಾಗಿರಲಿಲ್ಲ. ನಾಯಕ ಮತ್ತು ಕೋಚ್ ಪರಸ್ಪರ ಒಪ್ಪದ ಜೋಡಿ ಎಂದು ತಿಳಿದೂ ಮಂಡಳಿ ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿತು. ಯಾವ ವಿಷಯದಲ್ಲಿ ಯಾರ ಮಾತು ಅಂತಿಮ ಎಂಬುದು ತೀರ್ಮಾನವಾಗಿರಲಿಲ್ಲ.

ಆ ಚಳಿಗಾಲದ ಭಾರತ ಪ್ರವಾಸದಲ್ಲಿ ಮುಂಬೈ ದಾಳಿ ನಡೆಯಿತು. ತಂಡ ಊರಿಗೆ ಹೋಗಿ ಮತ್ತೆ ಚೆನ್ನೈಗೆ ಬಂದು ಆಡಿದ್ದರಲ್ಲಿ ನಾಯಕರಾಗಿ ಅವರ ಪಾಲು ದೊಡ್ಡದು. ಭಾರತದ ಅಭಿಮಾನಿಗಳು ಅದನ್ನು ಇಂದಿಗೂ ನೆನೆಯುತ್ತಾರೆ. ಸರಣಿ 1–0ಯಿಂದ ಸೋತಿತು. ನಂತರ ಕೋಚ್ ಬಗ್ಗೆ ತಮ್ಮ ಅಭಿಪ್ರಾಯವನ್ನು ಅವರು ಮಂಡಳಿಗೆ ತಿಳಿಸಿದರು. ಆಫ್ರಿಕಾದಲ್ಲಿ ರಜೆಯಲ್ಲಿದ್ದಾಗ ಆ ವಿಷಯ ಪತ್ರಿಕೆಗಳಿಗೆ ಸೋರಿತು. 2009ರ ಜನವರಿ 7ರಂದು ಒಂದೇ ದಿನ ಕೋಚ್ ವಜಾ ಆದರು, ನಾಯಕತ್ವವೂ ಹೋಯಿತು. ನಾಯಕರಾಗಿ ಅವರಿಗೆ ಸಿಕ್ಕಿದ್ದು ಮೂರೇ ಟೆಸ್ಟ್.

ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲಿದೆ. ಕೇಳಿದ ಅಭಿಪ್ರಾಯ ಸರಿಯೋ ತಪ್ಪೋ ಎಂದು ಯಾರೂ ಪರಿಶೀಲಿಸಲಿಲ್ಲ. ಸೋರಿಕೆ ಹೇಗಾಯಿತು ಎಂಬುದು ಹೊರಬರಲಿಲ್ಲ. ಇಬ್ಬರನ್ನು ಒಟ್ಟಿಗೆ ತೆಗೆದು ಮೂರನೆಯವರನ್ನು ತಂದರೆ ಜಗಳ ತೀರಿತು ಎಂದು ಭಾವಿಸಲಾಯಿತು. ಆದರೆ ಬ್ಯಾಟ್ಸ್‌ಮನ್ ತಂಡದಲ್ಲೇ ಉಳಿದರು. ಒಳಗೆ ಹೇಳಿದ ಮಾತು ಹೊರಗೆ ಹೋಗುತ್ತದೆ, ಹೇಳಿದವನಿಗೇ ಶಿಕ್ಷೆಯಾಗುತ್ತದೆ ಎಂಬ ಅನುಭವ ಅವರೊಳಗೆ ಉಳಿಯಿತು. ಹೊಸ ನಾಯಕ ಮತ್ತು ಹೊಸ ಕೋಚ್‌ಗೂ ಒಂದು ಎಚ್ಚರಿಕೆ ಉಳಿಯಿತು: ಈತ ಕೋಚ್ ಒಬ್ಬರನ್ನು ಉರುಳಿಸಿದವನು.

ಅದೇ ವರ್ಷ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ನಮ್ಮ ರಾಯಲ್ ಚಾಲೆಂಜರ್ಸ್ ತಂಡ ಅವರನ್ನು 15.5 ಲಕ್ಷ ಡಾಲರ್ ಕೊಟ್ಟು ಕೊಂಡು ನಾಯಕರನ್ನಾಗಿಯೂ ಮಾಡಿತ್ತು. ಆರಂಭದ ಪಂದ್ಯಗಳ ನಂತರ ಅವರು ಇಂಗ್ಲೆಂಡ್ ಪರ ಆಡಲು ಹೊರಟರು, ಅನಿಲ್ ಕುಂಬ್ಳೆ ನಾಯಕತ್ವ ವಹಿಸಿಕೊಂಡರು, ತಂಡ ಫೈನಲ್‌ವರೆಗೆ ಹೋಯಿತು. ಎಷ್ಟು ದಿನ ಇರುತ್ತಾರೆ, ಯಾವಾಗ ಹೋಗುತ್ತಾರೆ ಎಂಬುದು ಮೊದಲೇ ಗೊತ್ತಿದ್ದುದರಿಂದ ನಾಯಕ ಬದಲಾದಾಗ ಯಾರ ಮಾನವೂ ಹೋಗಲಿಲ್ಲ.

ಬೆಂಗಳೂರಿನಿಂದ ಹೋದ ಒಂದು ಪತ್ರ

ವಿವಾದದಲ್ಲಿ ಪಾಲಿಲ್ಲದ ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳಲೇಬೇಕು. 2010ರ ಹೊತ್ತಿಗೆ ಎಡಗೈ ಸ್ಪಿನ್ನರ್‌ಗಳು ಈ ಬ್ಯಾಟ್ಸ್‌ಮನ್‌ನನ್ನು ಮತ್ತೆ ಮತ್ತೆ ಔಟ್ ಮಾಡುತ್ತಿದ್ದರು. ಬಾಂಗ್ಲಾದೇಶ ಪ್ರವಾಸದ ಹೊತ್ತಿಗೆ ಅದು ದೌರ್ಬಲ್ಯವೆಂದೇ ಹೆಸರಾಗಿತ್ತು. ಆಗ ಬೆಂಗಳೂರು ತಂಡದ ಜೊತೆಗಾರ ರಾಹುಲ್ ದ್ರಾವಿಡ್ ಅವರಿಗೊಂದು ಇಮೇಲ್ ಬರೆದರು. ನೆಟ್ಸ್‌ನಲ್ಲಿ ಸ್ಪಿನ್ನರ್‌ಗಳನ್ನು ಪ್ಯಾಡ್ ಇಲ್ಲದೆ ಎದುರಿಸಿ ನೋಡು, ಆಗ ಬ್ಯಾಟು ಪ್ಯಾಡಿಗಿಂತ ಮುಂದೆ ಬರಲೇಬೇಕಾಗುತ್ತದೆ, ಚೆಂಡು ಕೈಯಿಂದ ಹೊರಡುವಾಗಲೇ ನೋಡಲೇಬೇಕಾಗುತ್ತದೆ ಎಂಬುದು ಅದರ ಒಂದು ಸಲಹೆ. ನಿನಗೆ ಸ್ಪಿನ್ ಆಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ, ನಾನು ನೋಡಿದ್ದೇನೆ, ನಿನಗೆ ಬರುತ್ತದೆ ಎಂಬುದು ಇನ್ನೊಂದು. ಆ ಪತ್ರವನ್ನು ಬ್ಯಾಟ್ಸ್‌ಮನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಪ್ರಕಟಿಸಿದರು.

ಆ ಪತ್ರದಲ್ಲಿ ನನಗೆ ಕಾಣುವುದು ಈ ಮನುಷ್ಯನನ್ನು ನಡೆಸಿಕೊಳ್ಳುವ ಬಗೆ. ದ್ರಾವಿಡ್ ಅವರ ಆಟ ಮತ್ತು ಸ್ವಭಾವ ಎರಡೂ ಇವರಿಗಿಂತ ತೀರ ಬೇರೆ. ಆದರೂ ತನ್ನಂತಾಗು ಎಂದು ಹೇಳಲಿಲ್ಲ. ಸಮಸ್ಯೆಯನ್ನು ಚಿಕ್ಕದಾಗಿ, ಕೆಲಸ ಮಾಡಬಹುದಾದಷ್ಟು ಚಿಕ್ಕದಾಗಿ ಗುರುತಿಸಿದರು. ಅದಕ್ಕೊಂದು ಅಭ್ಯಾಸ ಕೊಟ್ಟರು. ನಂಬಿಕೆಯನ್ನು ಬಾಯಿ ಬಿಟ್ಟು ಹೇಳಿದರು. ಆತ್ಮವಿಶ್ವಾಸ ಉಕ್ಕುವಂತೆ ಕಾಣುವವರಿಗೆ ಧೈರ್ಯದ ಮಾತು ಬೇಕಿಲ್ಲ ಎಂದು ಸುತ್ತಲಿನವರು ಭಾವಿಸುತ್ತಾರೆ. ಈ ಬ್ಯಾಟ್ಸ್‌ಮನ್‌ಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಿತ್ತು.

ಆ ವರ್ಷ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಅನ್ನು ಇಂಗ್ಲೆಂಡ್ ಗೆದ್ದಾಗ ಸರಣಿಶ್ರೇಷ್ಠರಾದದ್ದು ಅವರು. ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ 227 ಹೊಡೆದರು. ಆಸ್ಟ್ರೇಲಿಯಾದ ನೆಲದಲ್ಲೇ ಇಂಗ್ಲೆಂಡ್ ಆ್ಯಷಸ್ ಗೆದ್ದಿತು. ಗೆಲ್ಲುತ್ತಿರುವಷ್ಟು ದಿನ ಬಿರುಕು ಯಾರ ಕಣ್ಣಿಗೂ ಬೀಳಲಿಲ್ಲ.

2012: ಒಡೆದದ್ದು, ಕೂಡಿಸಿದ್ದು

2012ರ ಮೇ 31ರಂದು ಅವರು ಏಕದಿನ ಕ್ರಿಕೆಟ್‌ಗೆ ವಿದಾಯ ಹೇಳಿದರು. ಟಿ20 ಆಡುವ ಆಸೆ ಇತ್ತು. ಆದರೆ ಒಪ್ಪಂದದ ಪ್ರಕಾರ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು, ಒಂದನ್ನು ಬಿಟ್ಟರೆ ಇನ್ನೊಂದೂ ಇಲ್ಲ. ಎರಡು ವರ್ಷದ ಹಿಂದೆ ವಿಶ್ವಕಪ್ ಗೆಲ್ಲಿಸಿಕೊಟ್ಟವರನ್ನು ನಿಯಮದ ಕಾರಣಕ್ಕೆ ಮನೆಯಲ್ಲಿ ಕೂರಿಸಲಾಯಿತು. ಐಪಿಎಲ್‌ಗೆ ಹೆಚ್ಚು ಸಮಯ ಬೇಕೆಂಬ ಅವರ ಬೇಡಿಕೆಯನ್ನು ಮಂಡಳಿ ಹಣದಾಸೆ ಎಂದೇ ಕಂಡಿತು. ಹಣದಾಸೆ ಅದರಲ್ಲಿ ಇದ್ದಿರಬಹುದು. ಆದರೆ ಮೂರೂ ಮಾದರಿಗಳನ್ನು ವರ್ಷವಿಡೀ ಆಡಿ ದಣಿದ ಆಟಗಾರನ ಕೂಗೂ ಅದೇ ಆಗಿತ್ತು.

ಆಗಸ್ಟ್‌ನಲ್ಲಿ ಹೆಡಿಂಗ್ಲೆಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 149. ಅವರ ಅತ್ಯುತ್ತಮ ಇನಿಂಗ್ಸ್‌ಗಳಲ್ಲಿ ಒಂದು. ಪಂದ್ಯದ ನಂತರ ಪತ್ರಕರ್ತರ ಮುಂದೆ ಕುಳಿತು, ಈ ಡ್ರೆಸಿಂಗ್ ರೂಮ್‌ನಲ್ಲಿ ತಾನಾಗಿ ಇರುವುದು ಕಷ್ಟವಾಗಿದೆ ಎಂಬರ್ಥದ ಮಾತಾಡಿದರು. ಮುಂದಿನ ಟೆಸ್ಟ್ ತಾವು ಆಡುವುದೇ ಖಚಿತವಿಲ್ಲ ಎಂಬ ಸುಳಿವನ್ನೂ ಕೊಟ್ಟರು. ಕೆಲವೇ ದಿನಗಳಲ್ಲಿ ಎದುರಾಳಿ ತಂಡದ ಆಟಗಾರರಿಗೆ ಅವರು ಕಳಿಸಿದ ಮೊಬೈಲ್ ಸಂದೇಶಗಳ ಸುದ್ದಿ ಹೊರಬಿತ್ತು; ಅದರಲ್ಲಿ ತಮ್ಮ ನಾಯಕರ ಬಗ್ಗೆ ಹಗುರವಾದ ಮಾತಿತ್ತು ಎಂಬ ಆರೋಪ. ಇನ್ನೊಂದೆಡೆ, ಅವರನ್ನು ಗೇಲಿ ಮಾಡುವ ಒಂದು ನಕಲಿ ಟ್ವಿಟರ್ ಖಾತೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ತಂಡದ ಒಬ್ಬ ಬೌಲರ್‌ನ ಗೆಳೆಯ. ಸಹ ಆಟಗಾರರು ಅದನ್ನು ಓದಿ ನಗುತ್ತಿದ್ದಾರೆ ಎಂಬ ನೋವು ಅವರಿಗಿತ್ತು.

ಲಾರ್ಡ್ಸ್ ಟೆಸ್ಟ್‌ಗೆ ಅವರನ್ನು ಕೈಬಿಡಲಾಯಿತು. ನಾಯಕರಿಗೆ ಅದು ನೂರನೆಯ ಟೆಸ್ಟ್. ಇಂಗ್ಲೆಂಡ್ ಸೋತಿತು, ಸರಣಿ ಹೋಯಿತು, ವಿಶ್ವದ ಮೊದಲ ಸ್ಥಾನವೂ ಹೋಯಿತು. ತಿಂಗಳು ಮುಗಿಯುವ ಮುನ್ನ ನಾಯಕ ನಿವೃತ್ತರಾದರು. ಎದುರಾಳಿಗೆ ಸಂದೇಶ ಕಳಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ತನ್ನ ಸರದಿಯಲ್ಲಿ ಗೌರವ ಕೇಳುವವನು ನಾಯಕನ ಬೆನ್ನ ಹಿಂದೆ ಹಾಗೆ ನಡೆದುಕೊಳ್ಳಬಾರದಿತ್ತು. ಆದರೆ ಒಳಗಿನ ಗೇಲಿಗೆ ಯಾರೂ ಉತ್ತರಿಸಬೇಕಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಇಲ್ಲಿಂದ ಮುಂದಿನ ಮೂರು ತಿಂಗಳು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಅವಧಿ. ಹೊಸ ನಾಯಕ, ಆರಂಭಿಕ ಬ್ಯಾಟ್ಸ್‌ಮನ್, ಭಾರತ ಪ್ರವಾಸಕ್ಕೆ ಮೊದಲು ಈತ ತಂಡದಲ್ಲಿ ಬೇಕು ಎಂಬ ನಿಲುವು ತಳೆದರು. ಅಕ್ಟೋಬರ್‌ನಲ್ಲಿ ಅಲ್ಪಾವಧಿಯ ಒಪ್ಪಂದವಾಯಿತು, ಬ್ಯಾಟ್ಸ್‌ಮನ್ ಕ್ಷಮೆ ಕೇಳಿದರು, ತಂಡದವರ ಜೊತೆ ಎದುರುಬದುರು ಮಾತುಕತೆಗಳಾದವು. ಅಹಮದಾಬಾದ್‌ನ ಮೊದಲ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಎಡಗೈ ಸ್ಪಿನ್ನರ್ ಅವರನ್ನು ಬೌಲ್ಡ್ ಮಾಡಿದರು. ಗಳಿಸಿದ್ದು 17 ಮತ್ತು 2. ಕೈಬಿಡಲು ನೆಪ ಹುಡುಕುವವರಿಗೆ ಅದು ಸಾಕಿತ್ತು. ನಾಯಕ ಕೈಬಿಡಲಿಲ್ಲ. ಮುಂಬೈಯ ವಾಂಖೆಡೆಯಲ್ಲಿ, ಭಾರತ ತನ್ನ ಮೂವರು ಸ್ಪಿನ್ನರ್‌ಗಳಿಗಾಗಿಯೇ ಅಣಿಮಾಡಿಕೊಂಡಿದ್ದ ತಿರುಗುವ ಪಿಚ್‌ನಲ್ಲಿ, ಅವರು 233 ಎಸೆತಗಳಲ್ಲಿ 186 ಹೊಡೆದರು. ನಾಯಕ 122. ಇಬ್ಬರ ಜೊತೆಯಾಟ 206. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಸರಣಿಯನ್ನು 2–1ರಿಂದ ಗೆದ್ದು, 1984–85ರ ನಂತರ ಭಾರತದಲ್ಲಿ ಸರಣಿ ಗೆದ್ದ ಮೊದಲ ಇಂಗ್ಲೆಂಡ್ ತಂಡವಾಯಿತು.

ಭಾರತದ ಅಭಿಮಾನಿಯಾಗಿ ಆ ಇನಿಂಗ್ಸ್ ನೋಡುವುದು ನೋವಿನ ಸಂಗತಿಯಾಗಿತ್ತು, ಆದರೆ ಕಣ್ಣು ಕೀಳಲಾಗಲಿಲ್ಲ. ಎಡಗೈ ಸ್ಪಿನ್ ಆಡಲು ಬಾರದವರೆಂಬ ಹಣೆಪಟ್ಟಿ ಹೊತ್ತವರು ಆ ಪಿಚ್‌ನಲ್ಲಿ ಎಕ್ಸ್‌ಟ್ರಾ ಕವರ್ ಮೇಲಿಂದ ಚೆಂಡನ್ನು ಎತ್ತುತ್ತಿದ್ದರು.

ಕೂಡಿಸುವ ಆ ಪ್ರಯತ್ನ ಏಕೆ ಫಲಿಸಿತು? ಅಲ್ಲಿ ಸಮಸ್ಯೆಗೆ ಹೆಸರಿತ್ತು, ಅವಧಿಯಿತ್ತು, ಬೇಕು ಎನ್ನುವ ಒಬ್ಬ ನಾಯಕನಿದ್ದ. ಏಕೆ ಬಾಳಲಿಲ್ಲ? ಮಾತುಕತೆ ಸಂದೇಶಗಳ ಬಗ್ಗೆ ಆಯಿತು, ಕ್ಷಮೆ ಸಂದೇಶಗಳಿಗೆ ಸಿಕ್ಕಿತು. ಕೋಚ್ ಮತ್ತು ಬ್ಯಾಟ್ಸ್‌ಮನ್ ನಡುವೆ 2009ರಿಂದ ಬೆಳೆದಿದ್ದ ಅಪನಂಬಿಕೆಯನ್ನು, ಐಪಿಎಲ್ ಪ್ರಶ್ನೆಯನ್ನು, ಸೋತ ಬೌಲರ್‌ಗಳು ಫೀಲ್ಡರ್‌ಗಳ ಮೇಲೆ ಕೂಗಾಡುವ ವಾತಾವರಣದ ಬಗ್ಗೆ ಅವರಿಗಿದ್ದ ದೂರನ್ನು ಯಾರೂ ಬಿಚ್ಚಲಿಲ್ಲ. ಗೆಲುವು ಬಂತು, ಕಡತ ಮುಚ್ಚಿತು.

ಕೊನೆಯ ಎರಡು ಬಾಗಿಲು

2013–14ರ ಆ್ಯಷಸ್‌ನಲ್ಲಿ ಇಂಗ್ಲೆಂಡ್ 5–0ಯಿಂದ ಸೋತಿತು. ಒಬ್ಬ ಬ್ಯಾಟ್ಸ್‌ಮನ್ ಮೊದಲ ಟೆಸ್ಟ್ ನಂತರ ಮನೆಗೆ ಮರಳಿದರು, ಮುಖ್ಯ ಸ್ಪಿನ್ನರ್ ಸರಣಿಯ ನಡುವೆಯೇ ನಿವೃತ್ತರಾದರು. ಈ ಬ್ಯಾಟ್ಸ್‌ಮನ್ ಗಳಿಸಿದ್ದು 294 ರನ್, ಸರಾಸರಿ 29.40, ಅವರ ಮಟ್ಟಕ್ಕೆ ಕಡಿಮೆ, ತಂಡದಲ್ಲಿ ಎಲ್ಲರಿಗಿಂತ ಹೆಚ್ಚು. ಮೆಲ್ಬರ್ನ್‌ನಲ್ಲಿ ಆಟಗಾರರ ಸಭೆಯೊಂದರಲ್ಲಿ ಕೋಚ್ ವಿಧಾನವನ್ನು ಅವರು ಟೀಕಿಸಿದರು. ಸರಣಿ ಮುಗಿದ ಮೇಲೆ ಕೋಚ್ ತಮ್ಮ ಹುದ್ದೆ ಬಿಟ್ಟರು, ಹೊಸ ಆಡಳಿತಾಧಿಕಾರಿ ಬಂದರು, ಫೆಬ್ರುವರಿ 4ರ ಪ್ರಕಟಣೆ ಬಂತು.

ಅವರನ್ನು ತೆಗೆದದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೀನಾಯವಾಗಿ ಸೋತ ತಂಡ ಹೊಸದಾಗಿ ಕಟ್ಟಲು ಹೊರಟಾಗ ಕಠಿಣ ಆಯ್ಕೆಗಳಿರುತ್ತವೆ. ತಪ್ಪಾದದ್ದು ಕಾರಣ ಹೇಳದೇ ಹೋದದ್ದು. ಗೌಪ್ಯತೆಯ ಒಪ್ಪಂದದಿಂದಾಗಿ ಅಕ್ಟೋಬರ್‌ವರೆಗೆ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡಿರಬೇಕಾಯಿತು. ಆ ಖಾಲಿ ಜಾಗದಲ್ಲಿ ಗಾಳಿಮಾತು ಬೆಳೆಯಿತು. ಅಕ್ಟೋಬರ್ ಬಂದಾಗ ಅವರ ಆತ್ಮಕಥೆ ಹಳೆಯ ಲೆಕ್ಕಗಳನ್ನೆಲ್ಲ ಒಂದೇ ಬಾರಿಗೆ ಚುಕ್ತಾ ಮಾಡಿತು. ಅದೇ ವಾರ ಮಂಡಳಿಯ ಕಡೆಯ ಒಂದು ಪಟ್ಟಿ ಸೋರಿಕೆಯಾಯಿತು. ಅದರಲ್ಲಿದ್ದ ಆರೋಪಗಳಲ್ಲಿ ಒಂದು, ಸಭೆಯಲ್ಲಿ ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಕಿಟಕಿಯಾಚೆ ನೋಡುತ್ತಿದ್ದರು ಎಂಬುದು. ನೂರಕ್ಕೂ ಹೆಚ್ಚು ಟೆಸ್ಟ್ ಆಡಿದವರ ವಿರುದ್ಧ ಬರೆದಿಟ್ಟ ಪಟ್ಟಿ ಅಷ್ಟು ಬಡವಾಗಿದ್ದರೆ, ನಿಜವಾದ ಕಾರಣವನ್ನು ಬರೆಯುವ ಧೈರ್ಯ ಮಾಡಿರಲಿಲ್ಲ ಎಂದೇ ಅರ್ಥ.

ಇನ್ನೂ ಒಂದು ಘಟನೆ ಬಾಕಿ ಇತ್ತು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. 2015ರ ಮಾರ್ಚ್‌ನಲ್ಲಿ ಮಂಡಳಿಯ ಅಧ್ಯಕ್ಷರಾಗಲಿದ್ದವರು, ಈತ ಮತ್ತೆ ಪರಿಗಣನೆಗೆ ಬರಬೇಕಾದರೆ ಮೊದಲು ಕೌಂಟಿ ಆಡಬೇಕು ಎಂಬಂಥ ಮಾತಾಡಿದರು. ಬ್ಯಾಟ್ಸ್‌ಮನ್ ಅದನ್ನು ಆಹ್ವಾನವೆಂದೇ ತಿಳಿದರು. ಹೈದರಾಬಾದ್ ತಂಡದ ಐಪಿಎಲ್ ಒಪ್ಪಂದದಿಂದ ಬಿಡುಗಡೆ ಪಡೆದು ಸರ್ರೆ ಕೌಂಟಿ ಸೇರಿದರು. ಮೇ 11ರಂದು ಓವಲ್‌ನಲ್ಲಿ ಲೀಸ್ಟರ್‌ಷೈರ್ ವಿರುದ್ಧ ದಿನದಾಟ ಮುಗಿದಾಗ 326 ಗಳಿಸಿ ಔಟಾಗದೆ ಉಳಿದಿದ್ದರು. ಅಂದು ಸಂಜೆಯೇ ಅವರನ್ನು ಕರೆಸಿ, ಆಯ್ಕೆಯಾಗುವುದಿಲ್ಲ, ಕಾರಣ ನಂಬಿಕೆಯ ಕೊರತೆ ಎಂದು ತಿಳಿಸಲಾಯಿತು. ತಿಳಿಸಿದವರಲ್ಲಿ ಒಬ್ಬರು 2012ರಲ್ಲಿ ಆ ಸಂದೇಶಗಳಿಂದ ನೊಂದ ನಾಯಕ. ಆ ಹೊತ್ತಿಗೆ ಅವರು ಮಂಡಳಿಯ ಕ್ರಿಕೆಟ್ ನಿರ್ದೇಶಕರಾಗಿದ್ದರು. ಮರುದಿನ ಬೆಳಗ್ಗೆ ಬ್ಯಾಟ್ಸ್‌ಮನ್ ಮತ್ತೆ ಕ್ರೀಸಿಗೆ ಹೋಗಿ 355ಕ್ಕೆ ಮುಟ್ಟಿದರು. ತಂಡದ ಒಟ್ಟು ಮೊತ್ತ 557.

ನಂಬಿಕೆಯೇ ಕಾರಣವಾಗಿದ್ದರೆ ಅದನ್ನು ಮಾರ್ಚ್‌ನಲ್ಲೇ ಹೇಳಬಹುದಿತ್ತು. ರನ್ನುಗಳಿಂದ ತೆರೆಯದ ಬಾಗಿಲಿನ ಮುಂದೆ ನಿಲ್ಲಿಸಿ ರನ್ ಮಾಡು ಎಂದರು. ಒಂದು ಸಂಸ್ಥೆ ತನ್ನವರಿಗೆ ಮಾಡಬಾರದ ಕೆಲಸವಿದು. ಷರತ್ತು ಸಾಮರ್ಥ್ಯದ್ದೋ ನಡತೆಯದ್ದೋ ಎಂಬುದನ್ನು ಮೊದಲ ದಿನವೇ ತಿಳಿಸಿದ್ದರೆ ಆ ಮನುಷ್ಯ ಬೇರೆ ದಾರಿ ಹಿಡಿಯುತ್ತಿದ್ದರು, ಮಂಡಳಿಯ ಮಾತಿಗೂ ಬೆಲೆ ಉಳಿಯುತ್ತಿತ್ತು. 2009ರಲ್ಲಿ, 2012ರಲ್ಲಿ, 2014ರಲ್ಲಿ ಆದದ್ದೂ ಇದರ ಬೇರೆ ಬೇರೆ ರೂಪವೇ. ಅವರು ಸುಲಭದ ಮನುಷ್ಯರಲ್ಲ, ಅವರ ತಪ್ಪುಗಳು ಸಣ್ಣವಲ್ಲ. ಆದರೆ ಅವರ ಒಂದು ನಿರ್ದಿಷ್ಟ ತಪ್ಪನ್ನು ಮೇಜಿನ ಮೇಲಿಟ್ಟು ಮಾತಾಡಿದ್ದು ಒಮ್ಮೆ ಮಾತ್ರ, ಆ ಒಮ್ಮೆ ಮುಂಬೈಯ 186 ಬಂತು.

ಅವರು 2018ರಲ್ಲಿ ಆಟ ನಿಲ್ಲಿಸಿದರು. ಅಷ್ಟರೊಳಗೆ ಇಂಗ್ಲೆಂಡಿನ ನೀತಿಯೇ ಬದಲಾಗಿತ್ತು. ಬೇಡ ಎಂದು ತಿಳಿಸಿದ ಅದೇ ಕ್ರಿಕೆಟ್ ನಿರ್ದೇಶಕರು ಆಟಗಾರರನ್ನು ಐಪಿಎಲ್‌ಗೆ ಹೋಗಲು ಪ್ರೋತ್ಸಾಹಿಸತೊಡಗಿದರು; ಅಲ್ಲಿನ ಒತ್ತಡದಲ್ಲಿ ಆಡಿದರೆ ಸೀಮಿತ ಓವರುಗಳ ತಂಡ ಬಲಿಯುತ್ತದೆ ಎಂಬುದು ಅವರ ವಾದ. 2017ರಲ್ಲಿ ಇಂಗ್ಲೆಂಡಿನ ಒಬ್ಬ ಆಲ್‌ರೌಂಡರ್‌ಗೆ ಪುಣೆ ತಂಡ 14.5 ಕೋಟಿ ರೂಪಾಯಿ ಕೊಟ್ಟಿತು, ಮಂಡಳಿ ಸಂತೋಷದಿಂದಲೇ ಕಳಿಸಿಕೊಟ್ಟಿತು. ಎರಡು ವರ್ಷದ ನಂತರ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮೊದಲ ಬಾರಿಗೆ ಏಕದಿನ ವಿಶ್ವಕಪ್ ಗೆದ್ದಾಗ ಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾದದ್ದು ಆ ಆಲ್‌ರೌಂಡರ್.